ಬಾನೆಟ್ ಮುಟ್ಟದ ಡ್ರೈವರ್

ಘಾಟಬೋರಾಳದ ನರಸಿಂಗ ಮದುವೆಗೆ ಮೊದಲಿನಿಂದಲೂ ಗಾಡಿ ಓಡಿಸಿಕೊಂಡು ಬಂದವನು. ಹುಮನಾಬಾದ, ಬಸವಕಲ್ಯಾಣ, ಮುಡಬಿ ಕಡೆಯ ಯಾವ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ, ಯಾವ ಸೇತುವೆಯ ಮೇಲೆ ಡಾಂಬರು ಕಿತ್ತುಹೋಗಿದೆ ಎಂಬುದೆಲ್ಲ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ದವಾಖಾನೆಗೆ, ಕೋರ್ಟಿಗೆ, ಮದುವೆಗೆ ಹೋಗಬೇಕೆಂದರೆ ಊರಿನವರು ಮೊದಲು ನೆನೆಯುವುದು ಅವನ ಹಳೆಯ ಬಿಳಿ ಕಾರನ್ನೇ. ಅವನು ಕುಡಿಯುವುದಿಲ್ಲ, ಜೋರಾಗಿ ಓಡಿಸುವುದಿಲ್ಲ, ದಾರಿಯಲ್ಲಿ ಹಾಡು ಹಚ್ಚುವುದಿಲ್ಲ. ಹಾಡು ಯಾಕೆ ಹಚ್ಚುವುದಿಲ್ಲ ಎಂಬುದು ಪಕ್ಕದಲ್ಲಿ ಕೂತವರಾರಿಗೂ ತಿಳಿದಿರಲಿಲ್ಲ. ಅವನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದ. ಬಾನೆಟ್ಟಿನ ಕೆಳಗೆ ನೀರು ಕುದಿಯತೊಡಗಿದೆಯೇನೋ ಎಂಬ ಅನುಮಾನ ಊರು ಬಿಟ್ಟಾಗ ಹುಟ್ಟಿದ್ದು, ಊರು ಮುಟ್ಟಿ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡುವ ತನಕ ಅವನನ್ನು ಬಿಡುತ್ತಿರಲಿಲ್ಲ.

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ತನ್ನ ಕೈಯಿಂದ ಬಾನೆಟ್ ಎತ್ತಿರಲಿಲ್ಲ.

ಇದರ ಮೂಲ ಹೆದ್ದಾರಿಯಲ್ಲಿತ್ತು. ಮೀಸೆ ಇನ್ನೂ ಸರಿಯಾಗಿ ಮೂಡಿರದ ವಯಸ್ಸಿನಲ್ಲಿ ನರಸಿಂಗ ತೊಗರಿ ಸಾಗಿಸುವ ಲಾರಿಯೊಂದರ ಮೇಲೆ ಕ್ಲೀನರ್ ಆಗಿ ಸೇರಿಕೊಂಡಿದ್ದ. ಒಂದು ಮಧ್ಯಾಹ್ನ ಮನ್ನಾಏಖೇಳ್ಳಿ ದಾಟಿ ಏರು ಹತ್ತುವಾಗ ಲಾರಿಯ ಮುಂಭಾಗದಿಂದ ಹೊಗೆಯಂತೆ ಉಗಿ ಏಳತೊಡಗಿತು. ಡ್ರೈವರ್ ಗಾಡಿ ನಿಲ್ಲಿಸಿದ. ಹೈದರಾಬಾದ್ ಮುಟ್ಟುವ ಅವಸರದಲ್ಲಿದ್ದ ಆ ಮನುಷ್ಯ, "ಮುಚ್ಚಳ ಬಿಚ್ಚಿ ನೀರು ಹಾಕೋ, ಲಗೂನ" ಎಂದು ಕೂಗಿದ. ನರಸಿಂಗನಿಗೆ ರೇಡಿಯೇಟರ್ ಎಂದರೆ ನೀರಿನ ಡಬ್ಬಿ ಎಂಬಷ್ಟೇ ತಿಳಿವಳಿಕೆ. ಬಂಪರಿನ ಮೇಲೆ ಹತ್ತಿ ನಿಂತು, ಅಂಗಿಯ ತೋಳು ಎಳೆದುಕೊಂಡು ಮುಚ್ಚಳ ತಿರುಗಿಸಿದ. ಮೊದಲು ಹಾವು ಬುಸುಗುಟ್ಟಿದಂಥ ಸದ್ದು ಬಂತು. ಅದು ಏನೆಂದು ಯೋಚಿಸುವುದರೊಳಗೆ ಮುಚ್ಚಳ ಕೈಯಿಂದ ಹಾರಿ, ಕುದಿಯುವ ನೀರು ಕಂಬದಂತೆ ಎದ್ದು ಅವನ ಕೊರಳು, ಎದೆ, ಎಡಗೈಯ ಮೇಲೆ ಬಿತ್ತು.

ಹುಮನಾಬಾದದ ದವಾಖಾನೆಯಲ್ಲಿ ಸೊಳ್ಳೆಪರದೆಯ ಕೆಳಗೆ ಅವನು ಬಹಳ ದಿನ ಮಲಗಿದ. ಬದುಕಿ ಎದ್ದುಬಂದಾಗ ಗದ್ದದ ಕೆಳಗಿನಿಂದ ಮೊಣಕೈಯವರೆಗೆ ಚರ್ಮ ಸುಕ್ಕುಗಟ್ಟಿ, ಹೊಳೆದು, ಎಳೆದುಕೊಂಡಿತ್ತು. ಆ ಚರ್ಮ ಬೆವರುತ್ತಿರಲಿಲ್ಲ. ಬಿಸಿಲಿಗೆ ನಿಂತರೆ ಒಳಗಿನಿಂದ ಉರಿ ಏಳುತ್ತಿತ್ತು. ಅಪ್ಪ ಅವ್ವನ ಜೊತೆ ಹೊಲದ ಕೂಲಿಗೆ ಹೋಗಲು ಅದು ಬಿಡಲಿಲ್ಲ. ನೆರಳಲ್ಲಿ ಕೂತು ಮಾಡುವ, ಅವನಿಗೆ ಅಷ್ಟಿಷ್ಟು ಬರುವ ಕೆಲಸವೆಂದರೆ ಸ್ಟೇರಿಂಗ್ ಹಿಡಿಯುವುದೊಂದೇ. ಹಾಗೆ, ಯಾವುದಕ್ಕೆ ಹೆದರುತ್ತಿದ್ದನೋ ಅದರ ಬೆನ್ನ ಹಿಂದೆಯೇ ಕೂತು ಬದುಕುವುದು ಅವನ ಪಾಲಿಗೆ ಬಂತು.

ಹೆಂಡತಿ ರತ್ನಮಾಲಾಗೆ ಈ ಅಂಜಿಕೆ ತಿಳಿದದ್ದು ಮದುವೆಯಾದ ಹೊಸತರಲ್ಲಿ. ತವರಿನವರು ಕೊಟ್ಟ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದಳು. ಮೊದಲ ಸೀಟಿ ಹೊಡೆದದ್ದೇ ತಡ, ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದ ಗಂಡ ಮುಖದ ತುಂಬ ಸಾಬೂನಿನ ನೊರೆಯೊಂದಿಗೆ ಬರಿಗಾಲಲ್ಲಿ ಓಣಿಗೆ ಓಡಿಹೋಗಿದ್ದ. ಅವಳು ನಗಲಿಲ್ಲ. ಏನು ಎತ್ತ ಎಂದು ಕೇಳಲೂ ಇಲ್ಲ. ಮರುದಿನ ಕುಕ್ಕರನ್ನು ಮುಡಬಿಯ ತವರಿಗೆ ಕಳಿಸಿಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಬೇಳೆ ಬೇಯುವುದು ತೆರೆದ ಪಾತ್ರೆಯಲ್ಲೇ.

ಮುಂದೆ ಮಗಳು ಮನೀಷಾ ಹುಟ್ಟಿ, ಬೆಳೆದು, ಅಪ್ಪನ ಕೊರಳಿನ ಕಲೆಯ ಮೇಲೆ ಬೆರಳಾಡಿಸುತ್ತ, "ಇದೇನು?" ಎಂದು ಕೇಳಿದಾಗ ಉತ್ತರ ಕೊಟ್ಟದ್ದೂ ರತ್ನಮಾಲಾಳೇ. "ಸಣ್ಣಂವ ಇದ್ದಾಗ ಆಲೆಮನ್ಯಾಗ ಬೆಲ್ಲದ ಕಡಾಯಿ ಉರುಳಿತ್ತವ್ವಾ." ಇಂಜಿನ್ನಿಗೆ ಅಂಜುವ ಡ್ರೈವರ್ ಎಂದು ಊರಿಗೆ ಗೊತ್ತಾದರೆ ಯಾರು ತಾನೇ ಅವನ ಗಾಡಿ ಹತ್ತುತ್ತಾರೆ? ಬೆಲ್ಲದ ಕಡಾಯಿಯ ಮಾತು ಮನೆಯೊಳಗೆ ಹುಟ್ಟಿ, ಹಳೆಯದನ್ನು ಮರೆತಿದ್ದ ಊರಿಗೂ ಹಬ್ಬಿ, ಕೊನೆಗೆ ನಿಜವೇ ಆಗಿಬಿಟ್ಟಿತು.

ಗಾಡಿಯ ಒಳಗಿನದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಹುಮನಾಬಾದದ ಮೆಕ್ಯಾನಿಕ್ ಸೈಫುದ್ದೀನ್. ಅವನಿಗೂ ನರಸಿಂಗ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಮೊದಲ ಸಲ ಬಾನೆಟ್ ಎತ್ತಿದಾಗ ಈ ಮನುಷ್ಯ ಹೇಗೆ ಗೋಡೆಗೆ ಆತುಕೊಂಡು ನಿಂತ ಎಂಬುದನ್ನು ಸೈಫುದ್ದೀನ್ ಓರೆಗಣ್ಣಿನಲ್ಲಿ ನೋಡಿದ್ದ. ಅಂದಿನಿಂದ ಕಾರು ಬಂದು ನಿಂತ ಕೂಡಲೇ, "ನರಸಿಂಗ್ ಭಾಯಿ, ನೀ ಹೋಗಿ ಚಾ ಕುಡಿ, ನಾ ನೋಡ್ತೀನಿ" ಎನ್ನುತ್ತಿದ್ದ. ನೀರು, ಆಯಿಲ್, ಬೆಲ್ಟು ಎಲ್ಲ ನೋಡಿ, ಬಾನೆಟ್ ಹಾಕಿದ ಮೇಲೆಯೇ ಕರೆಯುತ್ತಿದ್ದ. ಒಂದು ಸಲ ಮಾತ್ರ ನರಸಿಂಗ ಬಸವಕಲ್ಯಾಣದಲ್ಲಿ ಬೇರೊಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋಗಿದ್ದ. ಅವನು, "ನೀರಿನ ಮುಚ್ಚಳ ಬಿಚ್ಚಿಡು, ನಾ ನಟ್ ಬಿಚ್ಚೂ ಪಾನಾ ತರ್ತೀನಿ" ಎಂದು ಒಳಗೆ ಹೋದ. ಬಂದು ನೋಡಿದರೆ ನರಸಿಂಗ ಎರಡೂ ಕೈ ಎದೆಗೆ ಒತ್ತಿಕೊಂಡು ನಡುಗುತ್ತಿದ್ದ. ಅಲ್ಲಿದ್ದವರೆಲ್ಲ ನಕ್ಕರು. ಆ ನಗೆಯ ನಂತರ ಸೈಫುದ್ದೀನನ ಗ್ಯಾರೇಜು ಬಿಟ್ಟು ಅವನು ಇನ್ನೆಲ್ಲೂ ಗಾಡಿ ನಿಲ್ಲಿಸಲಿಲ್ಲ.

ಈ ಬೇಸಿಗೆಯಲ್ಲಿ ಸೈಫುದ್ದೀನನಿಗೆ ಹಜ್ ಯಾತ್ರೆಯ ಪಾಳಿ ಬಂತು. ಹೊರಡುವ ಹಿಂದಿನ ದಿನ ಅವನು ನರಸಿಂಗನನ್ನು ಕರೆಸಿ, ಕೈಯಲ್ಲಿ ಒಂದು ಕರಿಯ ರಬ್ಬರಿನ ಪೈಪು, ಎರಡು ಹೊಸ ಕ್ಲಿಪ್ಪು, ಇಂಜಿನ್ ತಂಪಾಗಿಡಲು ನೀರಿನ ಬದಲು ಹಾಕುವ ಹಸಿರು ಕೂಲಂಟಿನ ಒಂದು ಡಬ್ಬಿ ಇಟ್ಟ.

"ಇಂಜಿನ್ನಿಂದ ರೇಡಿಯೇಟರಿಗೆ ಬಿಸಿನೀರು ಹೋಗೂ ಮ್ಯಾಲಿನ ಪೈಪು ಉಬ್ಬ್ಯದ, ನರಸಿಂಗ್ ಭಾಯಿ. ಹೊಸಾದು ಇವತ್ತ ಸಂಜಿಗಿ ಬಂತು, ನನ್ನ ಕಡೆ ಟೈಮ್ ಉಳಿದಿಲ್ಲ. ಸಣ್ಣ ಕೆಲಸ ಅದ. ಇಂಜಿನ್ ಥಂಡ ಇದ್ದಾಗ ಯಾರ ಕಡೆನರೆ ಹಾಕಿಸು. ಮರೀಬ್ಯಾಡ."

"ಹಾಕಸ್ತೀನಿ ಭಾಯಿ. ನೀ ಆರಾಮ ಹೋಗಿ ಬಾ."

ಹಾಕಿಸಲಿಲ್ಲ. ಪೈಪನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿ, ಸೈಫುದ್ದೀನ್ ಬರುವ ತನಕ ಹೇಗೋ ತಡೆದೀತು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಹಾಗೆ ಹೇಳಿಕೊಂಡ ದಿನದಿಂದ ಅವನ ನಿದ್ದೆ ಹಾರಿತು. ಗಾಡಿಯಲ್ಲಿ ಕೂತರೆ ಕಣ್ಣು ರಸ್ತೆಯ ಮೇಲೆ ಅರ್ಧ, ಬಿಸಿ ತೋರಿಸುವ ಮುಳ್ಳಿನ ಮೇಲೆ ಅರ್ಧ. ಮುಳ್ಳು ಕೂದಲೆಳೆಯಷ್ಟು ಅಲುಗಿದರೆ ಗಾಡಿಯ ವೇಗ ಇಳಿಸಿಬಿಡುತ್ತಿದ್ದ. ಬಾನೆಟ್ಟಿನ ಕೆಳಗೆ ಉಬ್ಬಿದ ಆ ಪೈಪನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕಾಣದ್ದಕ್ಕೇ ಅದು ಅವನ ಮನಸ್ಸಿನಲ್ಲಿ ದಿನದಿನಕ್ಕೆ ದಪ್ಪಗಾಗುತ್ತಿತ್ತು.

ಬಾಡಿಗೆ ಬಿಡುವಂತೆಯೂ ಇರಲಿಲ್ಲ. ಊರಿನ ಹಿರಿಯ ರೈತ ದೇವಿಂದ್ರಪ್ಪನಿಗೆ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ಬಸವಕಲ್ಯಾಣದ ದವಾಖಾನೆಗೆ ರಕ್ತ ಸ್ವಚ್ಛ ಮಾಡಿಸಿಕೊಳ್ಳಲು ಕರೆದೊಯ್ಯಬೇಕಿತ್ತು. ಹೋಗುವಾಗ ಬಾಯಿತುಂಬ ಮಾತಾಡುವ ಆ ಮುದುಕ ಬರುವಾಗ ಸೀಟಿಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದ. ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವನಲ್ಲಿರಲಿಲ್ಲ.

ಶನಿವಾರ ಮಧ್ಯಾಹ್ನ ಹಾಗೆ ಮರಳಿ ಬರುವಾಗ, ಬಸವಕಲ್ಯಾಣದ ಕೋಟೆ ಬೆನ್ನಿಗೆ ಬಿದ್ದು ಸ್ವಲ್ಪ ಹೊತ್ತಾಗಿರಬೇಕು, ನರಸಿಂಗನ ಮೂಗಿಗೆ ಒಂದು ಸಿಹಿ ವಾಸನೆ ಹತ್ತಿತು. ಪಾಕ ಸೀಯುತ್ತಿರುವಂಥ ವಾಸನೆ. ಅವನ ಕಣ್ಣು ಮುಳ್ಳಿನ ಕಡೆ ಹೋಯಿತು. ಅದು ಎಂದಿನ ಜಾಗ ಬಿಟ್ಟು ಮೇಲಕ್ಕೆ ಸರಿದಿತ್ತು.

ಕೈ ಬೆವರಿ ಸ್ಟೇರಿಂಗ್ ಜಾರತೊಡಗಿತು. ಹೀಟರ್ ಹಚ್ಚಿದರೆ ಇಂಜಿನ್ನಿನ ಬಿಸಿ ಇಳಿಯುತ್ತದೆ ಎಂದು ಹಿಂದೊಮ್ಮೆ ಸೈಫುದ್ದೀನ್ ಹೇಳಿದ್ದು ನೆನಪಾಗಿ ಅದನ್ನು ಹಚ್ಚಿದ. ಇಂಜಿನ್ನಿನ ಬಿಸಿ ಕಾರಿನ ಒಳಕ್ಕೆ ನುಗ್ಗಿತು.

ದೇವಿಂದ್ರಪ್ಪ ಕಣ್ಣು ತೆರೆದ. "ಏ ನರಸಿಂಗಾ, ಹೊರಗ ಬೆಂಕಿ ಸುರ್ಯಾಕತ್ತದ, ನೀ ಒಳಗೂ ಉರಿ ಹಚ್ಚಿಯಲ್ಲೋ?"

"ಒಂದೀಟು ತಡಕೋರಿ ಕಾಕಾ. ಗಾಡಿ ಬಿಸಿ ಆಗ್ಯದ."

"ಮತ್ತ ನಿಂದ್ರಸು. ಬಾನೆಟ್ ತಗದು ನೋಡು."

ನರಸಿಂಗ ಬೇವಿನ ಮರದ ಕೆಳಗೆ ನಿಲ್ಲಿಸಿದ. ನೋಡಲಿಲ್ಲ. ಬಾನೆಟ್ಟಿನ ಸಂದಿಯಿಂದ ತೆಳುವಾದ ಬಿಳಿ ಎಳೆಯೊಂದು ಎದ್ದು ಗಾಜಿನ ಮುಂದೆ ತೇಲಿಹೋಯಿತು. ಬಾಗಿಲು ತೆರೆಯಲು ಹೋದ ಕೈ ಹಿಡಿಕೆಯ ಮೇಲೇ ಉಳಿಯಿತು. "ಆರಲಿ ಬಿಡ್ರಿ ಕಾಕಾ, ತಾನೇ ಆರ್ತದ" ಎಂದಷ್ಟೇ ಹೇಳಿದ. ಮುಳ್ಳು ಇಳಿದ ಮೇಲೆ ಮತ್ತೆ ಹೊರಟ, ಮತ್ತೆ ನಿಂತ. ಹಾಗೆ ನಿಂತು ನಿಂತು, ಎತ್ತಿನ ಬಂಡಿಯ ವೇಗದಲ್ಲಿ ಊರು ಮುಟ್ಟಿಸಿ, ಮುದುಕನನ್ನು ಅವನ ಮನೆಯ ಬಾಗಿಲಿಗೆ ಇಳಿಸಿ, ತನ್ನ ಮನೆಯ ಅಂಗಳದಲ್ಲಿ ಗಾಡಿ ಬಂದ್ ಮಾಡಿದಾಗ ಅವನ ಅಂಗಿ ನೀರಲ್ಲಿ ಅದ್ದಿ ತೆಗೆದಂತಿತ್ತು. ಯಾರಿಗೂ ಏನೂ ಹೇಳದೆ ಹಿತ್ತಲಿನ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳತೊಡಗಿದ.

ಮನೀಷಾ ಮನೆಯಲ್ಲಿದ್ದಳು. ಹುಮನಾಬಾದದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಶನಿವಾರ ಅರ್ಧ ದಿನ. ಡ್ರೈವಿಂಗ್ ಕಲಿಯಬೇಕೆಂಬ ಹುಚ್ಚು ಹಿಡಿದು, ಮೊಬೈಲಿನಲ್ಲಿ ಗಾಡಿ ರಿಪೇರಿಯ ವಿಡಿಯೋಗಳನ್ನು ನೋಡುತ್ತ ಕೂರುವುದು ಅವಳಿಗೆ ಇತ್ತೀಚಿನ ಚಟ. ಅಪ್ಪ ಮುಖ ಬಾಡಿಸಿಕೊಂಡು ಒಳಗೆ ಹೋದದ್ದನ್ನೂ, ಕಾರಿನ ಕೆಳಗೆ ಹಸಿರು ನೀರು ತೊಟ್ಟಿಕ್ಕುತ್ತಿದ್ದದ್ದನ್ನೂ ನೋಡಿದಳು. ನೀರು ಕಡಿಮೆಯಾಗಿದೆ, ಹಾಕಿದರೆ ಸರಿಹೋಗುತ್ತದೆ ಎಂದುಕೊಂಡಳು. ಪಾಪ, ದಣಿದು ಬಂದಿರುವ ಅಪ್ಪನಿಗೆ ಯಾಕೆ ತ್ರಾಸು? ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಒಂದು ತಂಬಿಗೆ ನೀರು ಪಕ್ಕಕ್ಕಿಟ್ಟು, ಓಢಣಿಯ ತುದಿಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳದ ಮೇಲೆ ಬಾಗಿದಳು.

ಹಸಿ ಟವೆಲ್ ಹೆಗಲಿಗೆ ಹಾಕಿಕೊಂಡು ನರಸಿಂಗ ಅಂಗಳಕ್ಕೆ ಬಂದದ್ದು ಆಗಲೇ.

ಮೊದಲು ಕಂಡದ್ದು ಎತ್ತಿದ ಬಾನೆಟ್. ಆಮೇಲೆ ಅದರ ಕೆಳಗೆ ಮಗಳ ಮುಖ. ಅವಳ ಕೈ ಇದ್ದ ಜಾಗ ಕಂಡಾಗ, "ಬ್ಯಾಡ" ಎಂದು ಕೂಗಬೇಕೆಂದು ಬಾಯಿ ತೆರೆದ. ದನಿ ಬರಲಿಲ್ಲ. ಮುಂದಕ್ಕೆ ಓಡಬೇಕಾದ ಕಾಲು ತಾವಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಹೋದವು. ಬೆನ್ನು ಗೋಡೆಗೆ ತಾಗಿತು. ಮಗಳು ಮುಚ್ಚಳ ತಿರುಗಿಸುತ್ತಿದ್ದಳು. ಬಿಗಿಯಾಗಿತ್ತೇನೋ, ತುಟಿ ಕಚ್ಚಿ ಇನ್ನಷ್ಟು ಬಲ ಹಾಕಿದಳು.

ಬುಸ್ ಎಂದಿತು.

ಅದೇ ಸದ್ದು. ಇಷ್ಟು ವರ್ಷ ಕನಸಿನಲ್ಲಿ ಅವನನ್ನು ಎಬ್ಬಿಸಿ ಕೂರಿಸುತ್ತಿದ್ದ ಸದ್ದು ಈಗ ಮಗಳ ಗದ್ದದ ಕೆಳಗಿನಿಂದ ಏಳುತ್ತಿತ್ತು.

ಅಂಗಳ ಹೇಗೆ ದಾಟಿದನೆಂಬುದು ಅವನಿಗೆ ಆಮೇಲೂ ನೆನಪಾಗಲಿಲ್ಲ. ಹೆಗಲಿನಿಂದ ಗುದ್ದಿ ಮಗಳನ್ನು ಅತ್ತ ಕೆಡವಿದ್ದ. ಹಸಿ ಟವೆಲ್ ಮುಚ್ಚಳದ ಮೇಲೆ ಬಿದ್ದಿತ್ತು, ಟವೆಲ್ಲಿನ ಮೇಲೆ ಅವನ ಎರಡೂ ಅಂಗೈ. ಮೈಯ ಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದ. ಬೆರಳ ಸಂದಿಯಿಂದ ಉಗಿ ಚಿಮ್ಮಿ ಮಣಿಕಟ್ಟು ಸುಟ್ಟಿತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒತ್ತಿದಂತೆಯೇ ಮುಚ್ಚಳವನ್ನು ಬಲಕ್ಕೆ ತಿರುಗಿಸಿದ. ಸದ್ದು ಸಣ್ಣದಾಯಿತು. ಇನ್ನೂ ಸ್ವಲ್ಪ ತಿರುಗಿಸಿದ. ನಿಂತಿತು.

ಸದ್ದು ನಿಂತರೂ ಅವನು ಕೈ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ.

"ನಂಗ ಯಾಕ ದಬ್ಬಿದಿ ಅಪ್ಪಾ?" ಕೆಳಗೆ ಬಿದ್ದಿದ್ದ ಮನೀಷಾ ಸಿಟ್ಟಿನಿಂದ ಎದ್ದಳು. ಎದ್ದವಳು ಅಪ್ಪನ ಮುಖ ನೋಡಿದಳು. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ನಡುಗುತ್ತಿತ್ತು, ಅಂಗೈಯೆರಡು ಮಾತ್ರ ಮುಚ್ಚಳಕ್ಕೆ ಬೆಸೆದಂತಿದ್ದವು. ಸದ್ದು ಕೇಳಿ ಒಳಗಿನಿಂದ ಓಡಿಬಂದ ರತ್ನಮಾಲಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವನ್ನು ಕರೆದೊಯ್ಯುವಂತೆ ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು.

"ಬೆಲ್ಲದ ಕಡಾಯಿ ಅಲ್ಲವ್ವಾ ಅದು" ಎಂದಳು ಮಗಳಿಗೆ, ಗಂಡನ ಕೈಗೆ ತಣ್ಣೀರು ಸುರಿಯುತ್ತ. "ನಾನೇ ಸುಳ್ಳು ಹೇಳಿದ್ದೆ."

ನರಸಿಂಗನೇ ಉಳಿದದ್ದನ್ನು ಹೇಳಿದ. ಲಾರಿ, ಏರು, ಡ್ರೈವರನ ಕೂಗು, ಕಂಬದಂತೆ ಎದ್ದ ನೀರು. ಹೆಂಡತಿಯ ಮುಂದೆಯೂ ಅಷ್ಟು ಉದ್ದಕ್ಕೆ ಅವನು ಹೇಳಿರಲಿಲ್ಲ. ಮನೀಷಾ ಅವನ ಮಣಿಕಟ್ಟಿನ ಬೊಬ್ಬೆಗೆ ಮುಲಾಮು ಹಚ್ಚುತ್ತ ಕೇಳಿದಳು. ಹಚ್ಚಿ ಮುಗಿಸಿ, "ನೀ ಮೊದ್ಲೇ ಹೇಳಿದ್ರ ನಾ ಅದನ್ನ ಮುಟ್ಟತಿದ್ದಿಲ್ಲ ಅಪ್ಪಾ" ಎಂದಳು.

ಆ ಮಾತು ಸುಟ್ಟ ಕೈಗಿಂತ ಹೆಚ್ಚು ಉರಿಯಿತು. ರಾತ್ರಿ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಮಗಳ ಗದ್ದ, ಅದರ ಕೆಳಗೆ ಬಿಳಿಯ ಉಗಿ.

ಬೆಳಗ್ಗೆ ಮನೀಷಾ ಮೊಬೈಲ್ ಹಿಡಿದು ಬಂದಳು. ಹುಮನಾಬಾದದ ಬೇರೆ ಗ್ಯಾರೇಜುಗಳಿಗೆ ಫೋನ್ ಮಾಡಿದ್ದಳು. ಆದಿತ್ಯವಾರ, ಯಾರೂ ಬರುವವರಿಲ್ಲ. "ಸೈಫುದ್ದೀನ್ ಕಾಕಾ ಕೊಟ್ಟ ಹೊಸಾ ಪೈಪ ಸೀಟಿನ ಕೆಳಗ ಸಿಕ್ತು. ಇಂಜಿನ್ ಈಗ ಥಂಡ ಅದ. ನಾನೇ ಹಾಕ್ತೀನಿ. ನೀ ಒಳಗ ಕುಂದ್ರು" ಎಂದಳು. ನಿನ್ನೆ ರಾತ್ರಿಯೇ ಅವಳು ಮಕ್ಕಾದಲ್ಲಿದ್ದ ಸೈಫುದ್ದೀನನಿಗೆ ವಾಟ್ಸಪ್ಪಿನಲ್ಲಿ ಸುದ್ದಿ ಕಳಿಸಿದ್ದಳು. ಅಲ್ಲಿಂದ ಅವನು ದನಿ ತುಂಬಿ ಕಳಿಸಿದ್ದನ್ನು ಈಗ ಹಚ್ಚಿದಳು. ಹಿಂದೆ ಸಾವಿರಾರು ಜನರ ಗದ್ದಲ, ನಡುವೆ ಅದೇ ಪರಿಚಿತ ದನಿ. "ಬೇಟಾ, ಮೊದ್ಲ ಕೆಳಗ ಬೋಗುಣಿ ಇಡು. ನೀರು ಪೂರಾ ಇಳಸು. ಎರಡೂ ಕಡೆ ಕ್ಲಿಪ್ ಸಡ್ಲ ಮಾಡು, ಪೈಪ್ ಹಿಡದು ತಿರುವಿ ಜಗ್ಗು. ಮತ್ತ ನೋಡು, ಅಪ್ಪಗ ಹತ್ರ ಕರೀಬ್ಯಾಡ. ಅಂವಗ ದೂರ ನಿಂದ್ರಸು."

ನರಸಿಂಗ ಆ ಕೊನೆಯ ಮಾತನ್ನು ಕೇಳಿದ. ಅಷ್ಟು ದೂರ ಹೋದರೂ ಆ ಮನುಷ್ಯ ತನ್ನ ಗುಟ್ಟು ಕಾಯುತ್ತಿದ್ದಾನೆ. ಆದರೆ ದೂರ ನಿಂತು ನೋಡುವುದೆಂದರೆ, ಮಗಳ ಕೈ ಅದರೊಳಗೆ, ತಾನು ಗೋಡೆಗೆ. ನಿನ್ನೆ ಗೋಡೆಗೆ ಬೆನ್ನು ತಾಗಿದ್ದು ನೆನಪಾಗಿ ಅವನು ಕಾರಿನ ಕಡೆ ನಡೆದ.

"ಮುಚ್ಚಳ ನಾ ಬಿಚ್ತೀನಿ" ಎಂದ. "ನೀ ಆಚೀಕಡಿ ನಿಂದ್ರು."

ಬಾನೆಟ್ಟಿನ ಮೇಲೆ ಅಂಗೈಯ ಹಿಂಬದಿ ಇಟ್ಟ, ಜ್ವರ ಬಂದ ಮಗುವಿನ ಹಣೆ ನೋಡುವಂತೆ. ತಣ್ಣಗಿತ್ತು. ನಂಬಿಕೆ ಬರಲಿಲ್ಲ. ಇನ್ನೊಂದು ಕಡೆ ಇಟ್ಟು ನೋಡಿದ. ಮನೀಷಾ ಬಾನೆಟ್ ಎತ್ತಿದಾಗ ಅವನು ಮೊದಲ ಸಲ ತನ್ನ ಗಾಡಿಯ ಒಳಗನ್ನು ಕಣ್ಣಿಟ್ಟು ನೋಡಿದ. ಎಣ್ಣೆ, ಧೂಳು, ತಂತಿಗಳ ಗೋಜಲು, ನಡುವೆ ಹೊಟ್ಟೆ ಉಬ್ಬಿದ ಕರಿಯ ಪೈಪು. ಅವನು ನೆನೆಸಿಕೊಂಡಿದ್ದಕ್ಕಿಂತ ಅದು ಬಹಳ ಸಣ್ಣದಿತ್ತು.

ಮುಚ್ಚಳದ ಮೇಲೆ ಎರಡು ಟವೆಲ್, ಅದರ ಮೇಲೊಂದು ಗೋಣಿಚೀಲ ಹಾಕಿದ. ಮುಖ ಪೂರ್ತಿ ಅತ್ತ ತಿರುಗಿಸಿ, ಮೈಯನ್ನು ಗಾಡಿಯ ಬದಿಗೆ ಅಡಗಿಸಿಕೊಂಡು, ತೋಳನ್ನು ಮಾತ್ರ ಒಳಗೆ ಚಾಚಿದ. ಉಸಿರು ಹಿಡಿದ. ತಿರುಗಿಸಿದ. ಸದ್ದಿಲ್ಲ. ಇನ್ನೊಂದು ಸುತ್ತು. ಟಕ್ ಎಂದು ಮುಚ್ಚಳ ಕೈಗೆ ಬಂತು. ಅದನ್ನು ಹಿಡಿದುಕೊಂಡು ಅವನು ಅಲ್ಲೇ ಕುಕ್ಕರಿಸಿದ. "ಏನೂ ಆಗಿಲ್ಲ, ನೋಡಿಲ್ಲಿ" ಎಂದು ಮಗಳು ಹೇಳಿದ್ದು ದೂರದಿಂದ ಕೇಳಿದಂತಿತ್ತು.

ಕೆಳಗೆ ಬೋಗುಣಿ ಇಟ್ಟು ಉಳಿದ ಕೂಲಂಟ್ ಇಳಿಸಿದರು. ಆಡು ಕೋಳಿ ಬಾಯಿ ಹಾಕಿದರೆ ಸತ್ತಾವು ಎಂದು ರತ್ನಮಾಲಾ ಬೋಗುಣಿಯ ಪಕ್ಕ ಕಾವಲು ಕೂತಳು. ಕ್ಲಿಪ್ಪಿಗೆ ಜಂಗು ಹಿಡಿದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಮನೀಷಾ ಒಂದು ತುದಿ ಸಡಿಲಿಸಿದಳು, ನರಸಿಂಗ ಇನ್ನೊಂದು. ಕ್ಲಿಪ್ಪು ಬಿಟ್ಟರೂ ಪೈಪು ಬಿಡಲಿಲ್ಲ, ಎಷ್ಟೋ ವರ್ಷದ ಬಿಸಿಗೆ ಕಬ್ಬಿಣದ ಕೊರಳಿಗೆ ಕಚ್ಚಿಕೊಂಡಿತ್ತು. ಕೊನೆಗೆ ಅಡುಗೆಮನೆಯ ಚಾಕುವಿನಿಂದ ಉದ್ದಕ್ಕೆ ಸೀಳಿ ಎಳೆದರು. ಹೊರಗೆ ಬಂದ ಪೈಪನ್ನು ನರಸಿಂಗ ಹಿಚುಕಿ ನೋಡಿದ. ಕೊಳೆತ ಬದನೆಕಾಯಿಯಂತೆ ಮೆತ್ತಗಿತ್ತು. ತಳಭಾಗದಲ್ಲಿ ಉಗುರಿನುದ್ದದ ಸೀಳು. ಹೆದ್ದಾರಿಯ ಮೇಲೆ ದೇವಿಂದ್ರಪ್ಪ ಕಾಕಾ ಪಕ್ಕದಲ್ಲಿರುವಾಗ ಇದು ಪೂರ್ತಿ ಬಿರಿದಿದ್ದರೆ ಎಂದು ಯೋಚಿಸಿ ಅದನ್ನು ದೂರ ಎಸೆದ.

ಕಬ್ಬಿಣದ ಕೊರಳುಗಳನ್ನು ಉಸುಕು ಕಾಗದದಿಂದ ತಿಕ್ಕಿ ಒರೆಸಿ, ಹೊಸ ಪೈಪು ಕೂರಿಸಿದರು. ಕೂರಿಸಿದ ಮೇಲೆ ಕ್ಲಿಪ್ಪುಗಳು ಕಟ್ಟೆಯ ಮೇಲೆಯೇ ಉಳಿದಿರುವುದು ಕಂಡಿತು. ಮನೀಷಾ ಹಣೆ ಬಡಿದುಕೊಂಡಳು. ಮತ್ತೆ ಕಿತ್ತು, ಕ್ಲಿಪ್ಪು ಮೊದಲು ತೂರಿಸಿ, ಮತ್ತೆ ಕೂರಿಸಿ ಬಿಗಿದರು. ಹೊಸ ಕೂಲಂಟ್ ಸುರಿದರು.

ಇನ್ನು ಗಾಡಿ ಚಾಲೂ ಮಾಡಬೇಕು, ಒಳಗಿನ ಗಾಳಿ ಹೊರಗೆ ಹೋಗುವ ತನಕ ಮುಚ್ಚಳ ತೆರೆದೇ ಇರಬೇಕು. ಸೈಫುದ್ದೀನನ ದನಿ ಹಾಗೆ ಹೇಳಿತ್ತು. ನರಸಿಂಗನ ಮನಸ್ಸಿಗೆ ಇದು ಬಂದಿರಲಿಲ್ಲ. ತಣ್ಣಗಿರುವ ಇಂಜಿನ್ನು ಒಂದು ಮಾತು. ಓಡುವ ಇಂಜಿನ್ನು, ಬಾಯಿ ತೆರೆದ ರೇಡಿಯೇಟರು, ಅದರ ಮುಂದೆ ತಾನು!

ಮನೀಷಾ ಕೀಲಿ ತಿರುಗಿಸಿದಳು. ನರಸಿಂಗ ಡಬ್ಬಿ ಹಿಡಿದು ನಿಂತ. ಹಸಿರು ನೀರು ಬಾಯಿಯವರೆಗೆ ಬಂದು ಸುಳಿಯುತ್ತಿತ್ತು. ಇಳಿದಾಗ ಸ್ವಲ್ಪ ಸುರಿದ. ಮತ್ತೆ ಇಳಿಯಿತು, ಮತ್ತೆ ಸುರಿದ. ಮೂಗಿಗೆ ಬಿಸಿ ತಾಗತೊಡಗಿತು. ಆಗ ಒಳಗಿನಿಂದ ದೊಡ್ಡ ಗುಳ್ಳೆಯೊಂದು ಎದ್ದು, ಗುಳ್ ಎಂದು ಒಡೆದು, ಬೊಗಸೆಯಷ್ಟು ನೀರು ಹಾರಿ ಅವನ ಮುಂಗೈ ಮೇಲೆ ಬಿತ್ತು.

ಡಬ್ಬಿ ಬಿದ್ದ ಸದ್ದು ರತ್ನಮಾಲಾಗೆ ಕೇಳಿತು. ನೋಡಿದರೆ ಗಂಡ ಅಲ್ಲಿಲ್ಲ. ಅವನು ಓಣಿಯ ತುದಿಯ ನಳದ ಹತ್ತಿರ, ನೀರಿಗೆ ನಿಂತ ಹೆಂಗಸರ ಎದುರು, ಕೈಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಿದ್ದ. "ಏನಾಯ್ತೋ ನರಸಿಂಗಾ?" ಎಂದು ಯಾರೋ ಕೇಳಿದರು. ಅವನು ಕೈ ನೋಡಿಕೊಂಡ. ಒದ್ದೆಯಾಗಿತ್ತು. ಬೊಬ್ಬೆ ಇರಲಿಲ್ಲ, ಕೆಂಪು ಇರಲಿಲ್ಲ. ಆ ನೀರು ಸ್ನಾನದ ನೀರಿನಷ್ಟೂ ಬಿಸಿಯಿರಲಿಲ್ಲ.

ಓಡಿಹೋದ ಓಣಿಯಲ್ಲೇ ನಡೆದು ಬರುವುದು ಅವನಿಗೆ ಬಲು ಕಷ್ಟವಾಯಿತು. ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಇನ್ನು ಮುಗಿಯಿತು, ಊರಿಗೆಲ್ಲ ತಿಳಿಯಿತು, ನಾಳೆಯಿಂದ ಯಾರು ಕರೆಯುತ್ತಾರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಂಗಳದಲ್ಲಿ ಮಗಳು ಒಬ್ಬಳೇ ರೇಡಿಯೇಟರಿನ ಮುಂದೆ ನಿಂತಿದ್ದಳು. ಅದನ್ನು ಕಂಡು ಅವನ ಹೆಜ್ಜೆ ಬಿರುಸಾಯಿತು.

"ನೀ ಸರಿ" ಎಂದು ಡಬ್ಬಿ ಇಸಿದುಕೊಂಡ. ಗುಳ್ಳೆಗಳು ನಿಲ್ಲುವ ತನಕ ಅಲ್ಲೇ ನಿಂತ. ನೀರು ಸಮಕ್ಕೆ ಬಂದಾಗ ಮುಚ್ಚಳ ಹಾಕಿ ಬಿಗಿದ. ಇಂಜಿನ್ ಪೂರ್ತಿ ಕಾದ ಮೇಲೆ ಇಂಜಿನ್ ಕಡೆಯ ಕ್ಲಿಪ್ಪಿನ ಕೆಳಗೆ ಒಂದು ಹನಿ ಕಾಣಿಸಿತು. ಮನೀಷಾ ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ಕೆಳಗ ಇಡು ಅದನ್ನ" ಎಂದ. ಆ ದನಿಯಲ್ಲಿ ನಡುಕವಿತ್ತು, ಆದರೆ ದನಿ ಇತ್ತು. "ಬಿಸಿ ಇದ್ದಾಗ ಕೈ ಹಾಕೂದು ಬ್ಯಾಡ. ಸಂಜೀತನ ಆರಲಿ."

ಸಂಜೆ, ಇಂಜಿನ್ ಆರಿದ ಮೇಲೆ, ಅವನೇ ಆ ಕ್ಲಿಪ್ಪನ್ನು ಬಿಗಿದ. ಮತ್ತೆ ಚಾಲೂ ಮಾಡಿದರು. ಹನಿ ಬರಲಿಲ್ಲ.

ಬುಧವಾರ ಬೆಳಗ್ಗೆ ದೇವಿಂದ್ರಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ನರಸಿಂಗನಿಗೆ ಮುದುಕನ ಮುಖ ನೋಡುವ ಧೈರ್ಯವಿರಲಿಲ್ಲ. ಎರಡು ದಿನ ಒಂದು ಬಾಡಿಗೆಯೂ ಬಂದಿರಲಿಲ್ಲ. ಸುಮ್ಮನೆ ಬಂದಿಲ್ಲವೋ, ಸುದ್ದಿ ಹಬ್ಬಿ ಬಂದಿಲ್ಲವೋ ತಿಳಿಯದೆ ಒಳಗೊಳಗೆ ಬೆಂದಿದ್ದ. ದೇವಿಂದ್ರಪ್ಪ ಹೆಂಡತಿಯ ಹೆಗಲು ಹಿಡಿದು ನಿಧಾನ ಬಂದು, ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತ.

"ಊರಾಗ ಏನೇನೋ ಮಾತಾಡಾಕತ್ತಾರ, ನರಸಿಂಗಾ."

"ಖರೇ ಅದ ಕಾಕಾ" ಎಂದ ನರಸಿಂಗ, ರಸ್ತೆ ನೋಡುತ್ತ. "ನಂಗ ಇಂಜಿನ್ನಿಂದು ಅಂಜಿಕಿ ಅದ. ನೀವು ಬ್ಯಾರೆ ಗಾಡಿ ನೋಡ್ಕೋತೀನಿ ಅಂದ್ರ ನಾ ಏನೂ ಅನ್ನಂಗಿಲ್ಲ."

ದೇವಿಂದ್ರಪ್ಪ ಅಂಗಿಯ ತೋಳು ಮೇಲಕ್ಕೆ ಸರಿಸಿದ. ಮೊಣಕೈಯ ಹತ್ತಿರ ಚುಚ್ಚಿ ಚುಚ್ಚಿ ಗಂಟುಗಟ್ಟಿದ ನರ ಕಪ್ಪಾಗಿ ಉಬ್ಬಿತ್ತು. "ನಂಗ ಸೂಜಿ ಕಂಡ್ರ ಇವತ್ತಿಗೂ ಕೈಕಾಲು ಥಂಡ ಆಗ್ತಾವ. ಹೋಗೂವಾಗ ಅಷ್ಟು ಮಾತಾಡ್ತೀನಲ್ಲ, ಯಾಕಂತ ತಿಳದೀದಿ? ಆ ಸೂಜಿ ನೆನಪಾಗಬಾರ್ದು ಅಂತ." ತೋಳು ಇಳಿಸಿಕೊಂಡ. "ನಡಿ, ಹೊತ್ತಾಗ್ತದ."

ದಾರಿಯಲ್ಲಿ ನರಸಿಂಗ ಮುಳ್ಳನ್ನು ನೋಡುವುದು ಬಿಡಲಿಲ್ಲ. ಅದು ತನ್ನ ಜಾಗದಲ್ಲೇ ಇತ್ತು. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ತಿರುಗುವಾಗ ಒಮ್ಮೆ ಮೂಗೆತ್ತಿ ಗಾಳಿ ಮೂಸಿದ. ಸಿಹಿ ವಾಸನೆ ಇರಲಿಲ್ಲ. ದೇವಿಂದ್ರಪ್ಪ ಮಳೆಯ ಬಗ್ಗೆ, ಹೊಲದ ಬದುವಿನ ಬಗ್ಗೆ, ಮೊಮ್ಮಗನ ತಂಟೆಯ ಬಗ್ಗೆ ಎಡೆಬಿಡದೆ ಮಾತಾಡುತ್ತಿದ್ದ. ಎಂದೂ ಬರೀ ಹೂಂಗುಟ್ಟುವ ನರಸಿಂಗ ಅಂದು ಅವನ ಮಾತಿಗೆ ಮಾತು ಕೂಡಿಸಿದ, ಮುದುಕನಿಗೆ ಆ ಸೂಜಿ ನೆನಪಾಗದಿರಲಿ ಎಂದು.

ಅಂಜಿಕೆ ಹೋಯಿತೆಂದು ಯಾರೂ ಹೇಳುವಂತಿಲ್ಲ. ಈಗಲೂ ಯಾರದೋ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಅವನ ಹೆಗಲು ಮೇಲೇರುತ್ತದೆ. ಗಾಡಿ ಬಿಸಿಯಿದ್ದಾಗ ಬಾನೆಟ್ಟಿನ ಸಮೀಪ ಸುಳಿಯುವುದಿಲ್ಲ, ಮಗಳನ್ನು ಸುಳಿಯಗೊಡುವುದೂ ಇಲ್ಲ. ಮನೀಷಾಗೆ ಡ್ರೈವಿಂಗ್ ಕಲಿಸತೊಡಗಿದ್ದಾನೆ. ಗೇರಿಗಿಂತ ಮೊದಲು ಅವಳಿಗೆ ಕಲಿಸಿದ್ದು, ಕಾದ ಮುಚ್ಚಳ ಒಳಗೆ ಏನನ್ನು ಹಿಡಿದಿಟ್ಟಿರುತ್ತದೆ ಎಂಬುದನ್ನು. ಪ್ರತಿದಿನ ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಅವನು ಬಾನೆಟ್ ಎತ್ತುತ್ತಾನೆ. ಮುಖ ಬೇರೆ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಚ್ಚಳ ತೆಗೆದು, ಒಂದು ಬೆರಳು ಒಳಗೆ ಇಳಿಸುತ್ತಾನೆ. ಬೆರಳು ಒದ್ದೆಯಾದರೆ ಅದನ್ನು ಲುಂಗಿಗೆ ಒರೆಸಿಕೊಂಡು, ಮುಚ್ಚಳ ಬಿಗಿದು, ಮೊದಲ ಬಾಡಿಗೆಗೆ ಹೊರಡುತ್ತಾನೆ.